ಕೆಂಪು ಲೈಟಿಗೆ ಪಥ್ಯ ಏನ್ರೀ?

ನಮ್ಮ ಕೆಲಸದಾಗೆ ಇಂಥವು ದಿನಾ ಒಂದು ಆಗ್ತಾನೇ ಇರ್ತಾವೆ, ನಾನೇನೂ ಹುಡುಕ್ಕೊಂಡು ಹೋಗಲ್ಲ, ಬೀಗ ತೆಗೆದು ಪೊರಕೆ ಹಿಡಿಯೋಷ್ಟರಾಗೆ ಒಂದು ಬಂದು ಬೆಂಚಿನ ಮೇಲೆ ಕೂತಿರ್ತೈತೆ. ಹೇಳ್ತಾ ಹೋದ್ರೆ ನನಗೇ ಉಸಿರು ಸಾಲಲ್ಲ. ಆದ್ರೂ ಹೇಳ್ತೀನಿ, ಯಾಕಂದ್ರೆ ಹೇಳದೇ ಹೊಟ್ಟೆಯಾಗೆ ಇಟ್ಕೊಂಡ್ರೆ ಇನ್ನೂ ಸುಸ್ತಾಗ್ತೈತೆ.

ನಾನು ಫಿಸಿಯೋಥೆರಪಿ ಓದಿದೋಳು. ಶಿಕಾರಿಪುರದಾಗೆ ನಮ್ಮ ಸರ್‌ದು ಒಂದು ಸಣ್ಣ ಕ್ಲಿನಿಕ್ಕು, ಅಲ್ಲಿ ಕೆಲಸ. ಸೊರಬದಾಗೂ ಒಂದು ಬಾಡಿಗೆ ರೂಮು ಮಾಡಿದಾರೆ, ವಾರದಾಗೆ ಮೂರು ದಿನ ಅಲ್ಲಿಗೆ ನಾನೇ ಹೋಗೋದು. ಹಿಂಗಿರ್ಬೇಕಾದ್ರೆ ಸರ್ ರೆಡ್ ಲೈಟ್ ಥೆರಪಿ ಅಂತ ಒಂದು ಮಷೀನು ತರಿಸಿದ್ರು. ಮಷೀನು ಅಂದ್ರೆ ದೊಡ್ಡದೇನಲ್ಲ, ರೊಟ್ಟಿ ಬಡಿಯೋ ಹಲಗೆಗಿಂತ ಸ್ವಲ್ಪ ಉದ್ದ, ಅದರ ತುಂಬ ಕಾಳು ಕಾಳು ಬಲ್ಬು. ನೋವಿರೋ ಜಾಗದಿಂದ ಒಂದು ಗೇಣು ದೂರ ಇಟ್ಟು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಹತ್ತು ಹದಿನೈದು ನಿಮಿಷ ಕೂರಿಸೋದು. ಶಾಕ್ ಹೊಡೆಯಲ್ಲ, ಎಕ್ಸ್‌ರೇ ಅಲ್ಲ, ಸುಡಲ್ಲ, ಸ್ವಲ್ಪ ಬೆಚ್ಚಗೆ ಅನ್ನಿಸಬಹುದು ಅಷ್ಟೇ. ಆ ಬೆಳಕು ಚರ್ಮದ ಕೆಳಗೆ ಸ್ವಲ್ಪ ದೂರ ಇಳೀತೈತೆ, ಒಳಗಿನ ಜೀವಕೋಶಗಳಿಗೆ ತಮ್ಮ ರಿಪೇರಿ ತಾವೇ ಮಾಡ್ಕೊಳ್ಳಾಕೆ ಒಂಚೂರು ಕಸುವು ಕೊಡ್ತೈತೆ ಅಂತಾರೆ. ನೋವು, ಬಾವು ಇಳೀಬಹುದು, ದುಡಿದು ದಣಿದ ಸ್ನಾಯು ಬೇಗ ಸುಧಾರಿಸ್ಕೊಬಹುದು. ಸವೆದ ಮಂಡಿ ಹೊಸದಾಗಲ್ಲ. ಕೆಲವರಿಗೆ ಚೆನ್ನಾಗಿ ಹಿಡೀತೈತೆ, ಕೆಲವರಿಗೆ ಅಷ್ಟಿಲ್ಲ. ಒಂದೆರಡು ಸಲಕ್ಕಂತೂ ಯಾರಿಗೂ ಆಗಲ್ಲ, ವಾರಗಟ್ಟಲೆ ಬರ್ಬೇಕು, ಜೊತೆಗೆ ವ್ಯಾಯಾಮ ಮಾಡ್ಬೇಕು.

ಇದಿಷ್ಟನ್ನ ಬೆಳಿಗ್ಗೆಯಿಂದ ಸಂಜೆ ತನಕ ಒಬ್ಬೊಬ್ಬರಿಗೂ ಮೊದಲಿಂದ ಹೇಳ್ಬೇಕು. ಹೇಳಿ ಹೇಳಿ ಈಗ ನಿದ್ದೆಗಣ್ಣಿನಾಗೂ ಹೇಳ್ತೀನಂತೆ. ನಮ್ಮವ್ವ ಬೆಳಿಗ್ಗೆ ಎದ್ದು, "ಒಂದು ಗೇಣು ದೂರ ಇರಿ ಅಂತ ನನಗೇ ಹೇಳ್ತೀಯಲ್ಲೇ, ಹೆತ್ತೋಳಿಗೆ" ಅಂತ ಚಾ ಕುಕ್ಕಿ ಹೋದ್ಲು.

೧. ಬಸ್ಸಿನಾಗೆ ಬಂದ ದೇವರು

ಇರೋದು ಒಂದೇ ಮಷೀನು, ಎರಡು ಊರು. ಹಂಗಾಗಿ ಸೊರಬಕ್ಕೆ ಹೋಗೋ ದಿನ ಅದನ್ನೂ ಹೊತ್ಕೊಂಡೇ ಹೋಗ್ಬೇಕು. ಗಾಜು ಒಡೀಬಾರದು ಅಂತ ನಮ್ಮವ್ವನ ಹಳೇ ರೇಷ್ಮೆ ಸೀರೆ ತುಂಡಿನಾಗೆ ಸುತ್ತಿ, ಎದೆಗವಚಿಕೊಂಡು ಬಸ್ ಹತ್ತಿದೆ. ಕಾಲಿಡಾಕೂ ಜಾಗ ಇಲ್ಲ. ಮುಂದಿನ ಸೀಟಿನಾಗೆ ಕೂತಿದ್ದ ಒಬ್ಬರು ಅಮ್ಮ ನನ್ನ ನೋಡಿದ್ರು, ರೇಷ್ಮೆ ನೋಡಿದ್ರು, ಚಪ್ಪಲಿ ಬಿಟ್ಟು ಎದ್ದೇಬಿಟ್ರು.

"ಕೂತ್ಕೊಳವ್ವ. ಚಂದ್ರಗುತ್ತಿ ಅಮ್ಮನ ಫೋಟೋ ಅಲ್ವಾ? ಮನೆಗೆ ಕರ್ಕೊಂಡು ಹೊಂಟೀಯಾ?"

ಪಕ್ಕದೋರು ಜರುಗಿದ್ರು. ಹಿಂದಿನೋರು ಕೈ ಮುಗಿದ್ರು. ಒಬ್ಬರು ಮುಡಿಯಾಗಿದ್ದ ಹೂವು ತೆಗೆದು ಸೀರೆ ಮೇಲೆ ಇಟ್ರು. ಕಂಡಕ್ಟರು ಕೂಡ, "ಅಮ್ಮನಿಗೆ ಬಿಸಿಲು ಬೀಳ್ತೈತೆ, ಆ ಕಡೆ ಕೂರ್ಸಿ" ಅಂದ. ನನಗೆ ಕೂರಾಕೂ ಆಗವಲ್ದು, ನಿಲ್ಲಾಕೂ ಆಗವಲ್ದು. ದೇವರ ವಿಷಯ, ಸುಮ್ಮನಿರಬಾರದು ಅಂತ, "ಅಮ್ಮಾರೆ, ಇದು ದೇವರಲ್ಲ, ಲೈಟು, ಮಂಡಿನೋವಿಗೆ ಹಿಡಿಯೋದು" ಅಂದೆ. ಅಂದ್ಮೇಲೆ ಅಭ್ಯಾಸ, ಬಾಯಿ ನಿಲ್ಲಲಿಲ್ಲ, ಜೀವಕೋಶ ತನಕ ಹೇಳಿಬಿಟ್ಟೆ.

ಅಮ್ಮ ಪೂರ್ತಿ ಕೇಳಿಸ್ಕೊಂಡ್ರು. ಚಪ್ಪಲಿ ಹಾಕ್ಕೊಂಡ್ರು. "ಹಂಗಾರೆ ನನ್ನ ಮಂಡೀನೂ ನೋಯ್ತೈತೆ ಏಳವ್ವ" ಅಂತ ಸೀಟು ವಾಪಸ್ ತಗೊಂಡ್ರು. ಸತ್ಯ ಹೇಳಿದ್ದಕ್ಕೆ ಶಿರಾಳಕೊಪ್ಪ ದಾಟಿ ಸೊರಬದ ತನಕ ನಿಂತ್ಕೊಂಡೇ ಹೋದೆ. ಹೂವೂ ವಾಪಸ್ ಇಸ್ಕೊಂಡ್ರು.

೨. ಕೆಟ್ಟುಹೋದ ಅರ್ಧ ಬಲ್ಬು

ಸೊರಬದ ರೂಮಿಗೆ ಬಂದ ಮೊದಲನೇ ಪೇಶೆಂಟು ಕುರಿ ಅಜ್ಜ. ಹೆಸರು ಬೇರೆ ಐತೆ, ಆದ್ರೆ ಎಲ್ರೂ ಕರೆಯೋದೇ ಹಂಗೆ. ಹೆಗಲ ಮೇಲೆ ಕಂಬಳಿ, ಕೈಯಾಗೆ ಕೋಲು, ಜೊತೆಗೆ ಮುಖ ಊದಿಸ್ಕೊಂಡಿದ್ದ ಮಗ. ಮಗನೇ ಶುರು ಮಾಡ್ದ:

"ಮೇಡಂ, ಸೀದಾ ಹೇಳ್ತೀನಿ. ಅಪ್ಪಗೆ ಮಂಡಿ ಹಿಡ್ಕೊಂಡೈತೆ, ಕುರಿ ಹಿಂದೆ ಹೋಗಾಕಾಗಲ್ಲ. ನಾನು ಜೋಳದ ಹೊಲ ನೋಡ್ಲಾ, ಕುರಿ ಕಾಯ್ಲಾ? ಅವು ನನ್ನ ಮಾತೂ ಕೇಳಲ್ಲ. ಯುಗಾದಿ ಕಳೆದ ಮೇಲೆ ವ್ಯಾಪಾರಿ ಬರ್ತಾನೆ. ಅಷ್ಟರಾಗೆ ಅಪ್ಪ ಮೊದಲಿನಂಗೆ ಕುರಿ ಹಿಂದೆ ನಡೆದ್ರೆ ಇಟ್ಕೊಳ್ಲಿ, ನಾನು ಬ್ಯಾಡ ಅನ್ನಲ್ಲ. ಇಲ್ಲಾಂದ್ರೆ ಪೂರ್ತಿ ಮಂದೆ ಮಾರೋದೇ."

ಮಗ ಚಾ ಕುಡಿಯಾಕೆ ಹೋದ ಮೇಲೆ ಅಜ್ಜ ಮೆಲ್ಲಗೆ ಹೇಳ್ದ, "ಯವ್ವಾ, ನಾನು ನಡಿಯಾಕೆ ಕಲಿತಿದ್ದೇ ಕುರಿ ಹಿಂದೆ. ಅವು ಹೋದ್ರೆ ನಾನು ಎಲ್ಲಿಗೆ ಅಂತ ನಡೀಲಿ?"

ಕೂರಿಸಿ, ಕನ್ನಡಕ ಹಾಕಿ, ಸ್ವಿಚ್ ಒತ್ತಿದೆ. ಅಜ್ಜ ಕನ್ನಡಕ ಜಾರಿಸಿ ಬಗ್ಗಿ ನೋಡ್ದ.

"ಯವ್ವಾ, ಅರ್ಧ ಕೆಟ್ಟಾವಲ್ಲ."

ಇದೊಂದು ಪ್ರಶ್ನೆ ನನ್ನ ಆಯಸ್ಸು ತಿಂತೈತೆ. ಆ ಮಷೀನಿನಾಗೆ ಎರಡು ಥರದ ಬಲ್ಬು. ಒಂದು ಕೆಂಪಗೆ ಉರೀತಾವೆ. ಇನ್ನೊಂದು ಕೊಡೋ ಬೆಳಕು ನಮ್ಮ ಕಣ್ಣಿಗೆ ಕಾಣಲ್ಲ, ಆದ್ರೆ ಅದೇ ಇನ್ನೂ ಒಳಗೆ ಹೋಗೋದು. ಹೇಳಿದೆ. ಅಜ್ಜ ತಲೆ ಆಡಿಸ್ದ. ನಂಬಿದ ಅಂದ್ಕೊಂಡೆ.

ಮುಂದಿನ ಸಲ ಅಜ್ಜನ ಜೊತೆ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡೋನು ಒಬ್ಬ ಬಂದ, ಟೆಸ್ಟರು, ಸ್ಕ್ರೂಡ್ರೈವರು, ಬಾಯಾಗೆ ವೈರು. ಅಜ್ಜ ನನ್ನ ಕಡೆ ಕನಿಕರದಿಂದ ನೋಡಿ, "ಹೆಣ್ಣುಮಗಳು, ಸಾಹೇಬರಿಗೆ ಹೇಳಾಕೆ ಹೆದರ್ತಾಳೆ. ನೀನೇ ಸರಿ ಮಾಡಿಬಿಡಪ್ಪ" ಅಂದ. ಅವನು ಆಗ್ಲೇ ಒಂದು ಸ್ಕ್ರೂ ಬಿಚ್ಚಿದ್ದ. ನಾನು ಓಡಿ ಬಂದು ನನ್ನ ಹಳೇ ಫೋನಿನ ಕ್ಯಾಮರಾ ತೆಗೆದು, ಆ ಕೆಟ್ಟ ಬಲ್ಬಿನ ಮುಂದೆ ಹಿಡಿದು, "ನೋಡ್ರಿ ಇಲ್ಲಿ" ಅಂದೆ. ಕ್ಯಾಮರಾದಾಗೆ ಅವು ನೇರಳೆ ಬಣ್ಣಕ್ಕೆ ಮಿಣಮಿಣ ಅಂತ ಉರೀತಿದ್ವು.

ಇಬ್ರೂ ಫೋನು ನೋಡಿದ್ರು, ಬಲ್ಬು ನೋಡಿದ್ರು, ಮತ್ತೆ ಫೋನು ನೋಡಿದ್ರು. ಮೋಟರಿನೋನು ಬಿಚ್ಚಿದ ಸ್ಕ್ರೂ ವಾಪಸ್ ಹಾಕಿ, ಟೆಸ್ಟರ್ ಜೇಬಿಗಿಟ್ಟು, ಬಲು ಗಂಭೀರವಾಗಿ ಹೇಳ್ದ:

"ಅಜ್ಜಾ, ಮಷೀನು ಸರಿ ಐತೆ. ಕೆಟ್ಟಿರಾದು ನಮ್ಮ ಕಣ್ಣು. ಅದು ನನ್ನ ಕೈಲಿ ಆಗಲ್ಲ."

೩. ಪೋಲಾಗೋ ಬೆಳಕು

ಬೆಂಚಿನ ಮೇಲೆ ಇನ್ನೊಬ್ಬರು ಕಾಯಂ, ಹಾಸ್ಟೆಲ್ಲಿನ ಅಡುಗೆಯಕ್ಕ. ದೊಡ್ಡ ಪಾತ್ರೆ ಎತ್ತಿ ಇಳಿಸಿ ಮೊಣಕೈ ನೋವು. ಅಕ್ಕಂಗೆ ಕಣ್ಣೆದುರಿಗೆ ಏನೂ ಪೋಲಾಗಬಾರದು. ಒಂದಿನ ಅಜ್ಜನ ಮಂಡಿಗೆ ಲೈಟು ಹಾಕಿ, ಫೋನ್ ಬಂತು ಅಂತ ನಾನು ಬಾಗಿಲಾಚೆ ಹೋದೆ. ಮಾತು ಮುಗಿಸಿ ಬಂದು ನೋಡ್ತೀನಿ, ಚಳಿಗಾಲದಾಗೆ ಬೆಂಕಿ ಸುತ್ತ ಕೂತಂಗೆ ಕೂತಾರೆ ಎಲ್ಲ.

ಅಜ್ಜನ ಮಂಡಿ ನಡುವೆ. ಅದರ ಪಕ್ಕ ಅಕ್ಕನ ಮೊಣಕೈ. ಅಕ್ಕನ ಜೊತೆ ಸುಮ್ನೆ ಬಂದಿದ್ದ ಓರಗಿತ್ತಿದು ಹಿಮ್ಮಡಿ. ಬ್ಯಾಂಕಿನ ಕೆಲಸಕ್ಕೆ ಬಂದು ನಮ್ಮಲ್ಲಿ ನೆರಳಿಗೆ ಕೂತಿದ್ದ ಯಾರದೋ ಕುತ್ತಿಗೆ.

"ಏನ್ರೀ ಇದು?" ಅಂದೆ.

"ಅಲ್ಲ ಮೇಡಮ್ಮ," ಅಂದ್ಲು ಅಕ್ಕ, "ಅಜ್ಜನ ಮಂಡಿ ಎಷ್ಟೈತೆ, ಬೆಳಕು ಎಷ್ಟೈತೆ. ಅರ್ಧಕ್ಕರ್ಧ ಗೋಡೆ ಮೇಲೆ ಬೀಳ್ತೈತೆ. ಗೋಡೆಗೆ ಏನು ನೋವಾ?"

"ಅಜ್ಜಾ, ನೀವಾದ್ರೂ ಹೇಳ್ಬಾರದಾ?"

"ನಾನೇ ಕರೆದೆ ಯವ್ವ" ಅಂದ ಅಜ್ಜ, ಮನೆ ಯಜಮಾನನಂಗೆ. "ನಮ್ಮ ಗದ್ದೆ ತುಂಬಿದ ಮೇಲೆ ನೀರು ಪಕ್ಕದ ಗದ್ದೆಗೆ ಬಿಡಲ್ವಾ? ನನ್ನ ಪಾಲಿಗೇನೂ ಕಮ್ಮಿ ಬಿದ್ದಿಲ್ಲ."

ಮತ್ತೆ ಶುರು ಮಾಡಿದೆ, ಹಂಗಲ್ಲ, ದೂರ ಹೋದಂಗೆಲ್ಲ ಬೆಳಕಿನ ಜೋರು ಇಳೀತೈತೆ, ನೇರಕ್ಕೆ ಬೀಳ್ಬೇಕು, ಅಂಚಿನಾಗೆ ಬಿದ್ದಿದ್ದು ಲೆಕ್ಕಕ್ಕಿಲ್ಲ ಅಂತ. ಎಲ್ರೂ ಹೌದೌದು ಅಂತ ಕೈಕಾಲು ವಾಪಸ್ ತಗೊಂಡ್ರು. ಓರಗಿತ್ತಿ ಮಾತ್ರ ಚೀಲದಿಂದ ಊಟದ ಸ್ಟೀಲ್ ತಟ್ಟೆ ತೆಗೆದು, ಗೋಡೆ ಮುಂದೆ ಓರೆಯಾಗಿ ಹಿಡಿದು, ಬೆನ್ನು ತಿರುಗಿಸಿ ಕೂತ್ಲು. "ನೀವು ಮಾತಾಡ್ರಿ ಮೇಡಮ್ಮ, ನಾನು ಬೆನ್ನಿಗೆ ತಿರುಗಿಸ್ಕೊಂತೀನಿ."

ನನಗೆ ಬೈಯಾಕೂ ತ್ರಾಣ ಇರಲಿಲ್ಲ. ತಟ್ಟೆ ಹಿಡಿದ ಕೋನ ಮಾತ್ರ ಸರಿಯಾಗಿತ್ತು, ಅದನ್ನ ಒಪ್ಪಲೇಬೇಕು.

೪. ಮೇಷ್ಟ್ರ ಆಪರೇಷನ್ನು

ಉಳವಿ ಕಡೆಯಿಂದ ಒಬ್ಬರು ರಿಟೈರ್ಡ್ ಮೇಷ್ಟ್ರು ಬರ್ತಿದ್ರು, ಅವರದೂ ಮಂಡಿ. ಬಲು ಶಿಸ್ತು. ಒಂದಿನ ಬಸ್ಸಿಗೆ ಹೊತ್ತಾತು ಅಂತ ಗಡಿಬಿಡಿಯಾಗೆ ಎದ್ದು ಹೋದ್ರು, ಕಣ್ಣಿಗೆ ಹಾಕಿದ್ದ ಕಪ್ಪು ಕನ್ನಡಕ ಹಂಗೇ ಇತ್ತು. ಅವರಿಗೂ ನೆನಪಿಲ್ಲ, ನನಗೂ ನೆನಪಿಲ್ಲ.

ಆಮೇಲೆ ನಾಲ್ಕಾರು ಸಲ ಬರಲೇ ಇಲ್ಲ. ಇವರೂ ಬಿಟ್ರು ಅಂದ್ಕೊಂಡೆ. ಒಂದಿನ ಬಂದ್ರು, ಕಣ್ಣಿಗೆ ಅದೇ ಕನ್ನಡಕ, ಕೈಯಾಗೆ ಒಂದು ಚೀಲ ಮೋಸಂಬಿ.

"ಎಂತ ಹೇಳೂದು ಮಾರಾಯ್ತಿ" ಅಂತ ಕೂತ್ರು. "ಬಸ್ಸು ಹತ್ತಿದ್ದೇ ಒಬ್ಬ ಎದ್ದು ಸೀಟು ಕೊಟ್ಟ. ನನ್ನ ಹಳೇ ಶಿಷ್ಯ ಇರ್ಬೇಕು ಅಂದ್ಕೊಂಡೆ. ಇಳಿಯೋವಾಗ ಇಬ್ರು ಕೈ ಹಿಡಿದು ಇಳಿಸಿದ್ರು. ವಯಸ್ಸಾದೋರಿಗೆ ಇನ್ನೂ ಮರ್ಯಾದೆ ಉಂಟು ಅಂತ ಖುಷಿಯಾತು. ಮನೆ ಮುಟ್ಟೂದ್ರೊಳಗೆ ಊರಿಗೆಲ್ಲ ಸುದ್ದಿ, ಮೇಷ್ಟ್ರಿಗೆ ಕಣ್ಣಿನ ಪೊರೆ ಆಪರೇಷನ್ ಆಗ್ಯದೆ ಅಂತ."

"ಇಲ್ಲ ಅಂತ ಹೇಳ್ಬೇಕಿತ್ತು ಸರ್."

"ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಪಕ್ಕದ ಮನೆಯೋರು ಬ್ರೆಡ್ಡು ತಂದ್ರು, ಎದುರು ಮನೆಯೋರು ಮೋಸಂಬಿ ತಂದ್ರು. ನನ್ನ ಹೆಂಡತಿ ಒಳಗೆ ಕರೆದು, ಬಂದೋರು ಬರಿಗೈಲಿ ಬಂದಿಲ್ಲ, ಈಗ ಆಪರೇಷನ್ ಆಗೇ ಇಲ್ಲ ಅಂದ್ರೆ ಅವರ ಮುಖ ಎಂತಾಗ್ತದೆ, ಸುಮ್ನೆ ಮಲಗಿ ಅಂದ್ಲು. ಮಲಗಿದೆ. ತಲೆಗೆ ನೀರು ಹಾಕೂ ಹಂಗಿಲ್ಲ, ಬಗ್ಗೂ ಹಂಗಿಲ್ಲ, ಪೇಪರು ಓದೂ ಹಂಗಿಲ್ಲ. ಬಂದೋರ ಮುಂದೆ ಓದಿದ್ರೆ ಬೈತಿದ್ರು. ಇಲ್ಲಿಗೆ ಬರಣ ಅಂದ್ರೆ ಬಸ್ಸಿಗೇ ಹತ್ತಿಸ್ಲಿಲ್ಲ, ಧೂಳು ಬೀಳ್ತದೆ ಅಂತ."

"ಹೋಗ್ಲಿ ಬಿಡಿ ಸರ್, ಈಗ ಮುಗೀತಲ್ಲ" ಅಂತ ಕನ್ನಡಕಕ್ಕೆ ಕೈ ಚಾಚಿದೆ.

ಮೇಷ್ಟ್ರು ಹಿಂದಕ್ಕೆ ಸರಿದ್ರು. "ತಡಿ ಮಾರಾಯ್ತಿ, ಅದಕ್ಕೇ ಬಂದಿದ್ದು. ಎಲ್ರೂ ಇನ್ನೊಂದು ಕಣ್ಣು ಯಾವಾಗ ಅಂತ ಕೇಳ್ತಿದಾರೆ. ಎಂತ ಹೇಳ್ಲಿ?"

೫. ಕೆಂಪಿಗೆ ಕೆಂಪು

ಇದು ಸಣ್ಣದು, ಆದ್ರೆ ನನ್ನ ಜೀವ ಅರ್ಧ ಹೋಗಿತ್ತು. ಅಡುಗೆಯಕ್ಕ ಬಂದು ಸೆರಗು ಸರಿಸಿದ್ಲು, ಮೊಣಕೈ ದಾಸವಾಳದಂಗೆ ಕೆಂಪಗಾಗೈತೆ. ಲೈಟಿಂದ ಸುಟ್ಟೇಹೋತು ಅಂತ ನಾನು ಸರ್‌ಗೆ ಫೋನ್ ಮಾಡಿ, "ಸರ್, ಅಕ್ಕನ ಕೈ ಸರ್, ಕೆಂಪು ಸರ್" ಅಂತ ತೊದಲ್ತಿದ್ರೆ, ಅಕ್ಕ ಬೆರಳಿಂದ ಆ ಕೆಂಪನ್ನ ಒಂಚೂರು ಕೆರೆದು ಮೂಸಿ ನೋಡಿದ್ಲು.

"ಅರಿಶಿನ ಸುಣ್ಣ ಕಲಸಿ ಹಚ್ಚಿದ್ದೆ ಮೇಡಮ್ಮ. ಕೆಂಪು ಲೈಟಿಗೆ ಕೆಂಪು ಹೊಂದ್ಲಿ ಅಂತ. ಪ್ರತಿ ಸಲಾನೂ ಹಚ್ಕೊಂಡೇ ಬರ್ತೀನಿ, ಇವತ್ತು ಸುಣ್ಣ ಒಂಚೂರು ಜಾಸ್ತಿ ಆತು."

"ಅಕ್ಕಾ, ಚರ್ಮದ ಮೇಲೆ ಏನೂ ಇರಬಾರದು. ಇಷ್ಟು ದಪ್ಪ ಮೆತ್ತಿದ್ರೆ ಬೆಳಕು ಒಳಗೆ ಹೋಗೋದು ಹೆಂಗೆ? ನೆಂಟರನ್ನ ಕರೆದು ಬಾಗಿಲು ಹಾಕ್ಕೊಂಡಂಗಲ್ವಾ?"

ಅಕ್ಕ ಯೋಚನೆ ಮಾಡಿದ್ಲು. ಮುಖ ಸಪ್ಪಗಾತು. "ಹಂಗಾರೆ ಇಷ್ಟು ದಿನ ಹಾಕಿದ್ದ ಬೆಳಕೆಲ್ಲ ಎಲ್ಲಿ ಹೋತು? ಪಕ್ಕದಾಗೆ ಕೂತಿದ್ದ ಅಜ್ಜಗೆ ಹೋತಾ?"

ಅಜ್ಜ ಕಂಬಳಿ ಎಳ್ಕೊಂಡು ಮಂಡಿ ಮುಚ್ಚಿಕೊಂಡ.

೬. ಪಥ್ಯ

ಹಿಂಗೆ ನಗ್ತಾ ನಗ್ತಾ ಇದ್ರೂ ಒಳಗೊಳಗೆ ನಾನು ಸೋತಿದ್ದೆ. ಯಾಕಂದ್ರೆ ಹೆಚ್ಚಿನೋರು ಪೂರ್ತಿ ಬರಲ್ಲ. ನಾಲ್ಕು ಸಲ ಬಂದು ನೋವು ಕಮ್ಮಿಯಾದ್ರೆ "ಕಮ್ಮಿಯಾತು" ಅಂತ ಬಿಡ್ತಾರೆ, ಕಮ್ಮಿಯಾಗದಿದ್ರೆ "ಕಮ್ಮಿಯಾಗ್ಲಿಲ್ಲ" ಅಂತ ಬಿಡ್ತಾರೆ. ವ್ಯಾಯಾಮ ಮಾಡ್ರೀ ಅಂದ್ರೆ, "ದಿನಾ ದುಡಿಯೋದು ವ್ಯಾಯಾಮ ಅಲ್ವಾ" ಅಂತಾರೆ. ಕುರಿ ಅಜ್ಜ, ಅಡುಗೆಯಕ್ಕ ತಪ್ಪದೆ ಬರ್ತಾರಲ್ಲ, ಅಷ್ಟು ಸಾಕು ಅಂತ ಜೀವ ಹಿಡ್ಕೊಂಡಿದ್ದೆ. ಯುಗಾದಿ ಇನ್ನೂ ದೂರ ಇತ್ತು. ಅಷ್ಟರಾಗೆ ಅಜ್ಜನೂ ನಿಲ್ಲಿಸಿಬಿಟ್ಟ.

ಒಂದು ವಾರ ಕಾದೆ. ಮಗನಿಗೆ ಫೋನ್ ಮಾಡಿದೆ. "ಅಪ್ಪ ಬರಲ್ಲ ಅಂತಾನೆ ಮೇಡಂ. ವ್ಯಾಪಾರಿನ ಕರೆಸು, ಮುಗೀತು ಅಂತಾನೆ. ನೀವೇ ಮಾತಾಡಿ" ಅಂತ ಫೋನ್ ಕೊಟ್ಟ.

"ಯಾಕಜ್ಜಾ, ನೋವು ಜಾಸ್ತಿ ಆತಾ?"

"ಇಲ್ಲ ಯವ್ವ. ಒಂದಿಷ್ಟು ಹಗುರನೇ ಇತ್ತು."

"ಮತ್ತೆ?"

ಅಜ್ಜ ದನಿ ಇಳಿಸಿ, "ಯವ್ವಾ, ನಾಟಿ ಔಷಧಿಯೋನು ಬದನೆಕಾಯಿ ಬ್ಯಾಡ, ಕುಂಬಳಕಾಯಿ ಬ್ಯಾಡ ಅಂತಾನೆ. ಸೂಜಿ ಚುಚ್ಚೋ ಡಾಕ್ಟ್ರು ಕರಿದಿದ್ದು ಬಿಡು ಅಂತಾನೆ. ನೀನು ಏನಂದೆ? ಪಥ್ಯ ಏನು ಅಂತ ಕಡೇ ಸಲ ಬಂದಾಗ ಕೇಳ್ದೆ. ಪಥ್ಯ ಇಲ್ಲ ಅಜ್ಜ, ಏನು ಬೇಕಾದ್ರೂ ತಿನ್ನಿ ಅಂದೆ. ಏನು ಬೇಕಾದ್ರೂ ತಿನ್ನು ಅಂತ ಡಾಕ್ಟ್ರು ಯಾವಾಗ ಹೇಳ್ತಾರೆ ಅಂತ ನಂಗೊತ್ತಿಲ್ವಾ? ನಮ್ಮಣ್ಣಗೆ ಹೇಳಿದ್ರು, ಮೂರನೇ ದಿನಕ್ಕೆ ಹೋದ. ನೀನು ಒಳ್ಳೇ ಹುಡುಗಿ, ಬಾಯಿ ಬಿಟ್ಟು ಹೇಳ್ಲಿಲ್ಲ. ನನಗೆ ತಿಳೀತು ಬಿಡು" ಅಂದ.

ಇಷ್ಟು ದಿನ ಜೀವಕೋಶದ ತನಕ ಬಿಡಿಸಿ ಹೇಳಿದೀನಿ, ಬಂದೋರೆಲ್ಲ ಪಥ್ಯ ಏನ್ರೀ ಅಂತ ಕೇಳಿದಾರೆ, ನಾನು ಎಲ್ರಿಗೂ ನಗ್ತಾ ನಗ್ತಾ "ಏನೂ ಇಲ್ಲ, ಎಲ್ಲಾ ತಿನ್ನಿ" ಅಂದು ಕಳಿಸಿದೀನಿ. ಅಷ್ಟೊಂದು ಜನ ಯಾಕೆ ವಾಪಸ್ ಬರ್ಲಿಲ್ಲ ಅಂತ ಈಗ ತಿಳೀತು.

"ಅಜ್ಜಾ, ಕೇಳಿ ಇಲ್ಲಿ. ಪಥ್ಯ ಐತೆ. ಬಾಯಿಗಲ್ಲ, ಕಾಲಿಗೆ. ಇಷ್ಟು ದಿನ ವ್ಯಾಯಾಮ ವ್ಯಾಯಾಮ ಅಂತ ಹೇಳಿದ್ನಲ್ಲ, ಅದೇ ಪಥ್ಯ."

"ಹಂಗೆ ಹೇಳ್ಬೇಕಲ್ಲ ಮತ್ತೆ" ಅಂದ ಅಜ್ಜ, ದನಿಯಾಗೆ ಜೀವ ಬಂತು. "ಏನೇನು?"

"ಊಟಕ್ಕೆ ಮುಂಚೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರ್ಬೇಕು, ಕೈ ಊರಂಗಿಲ್ಲ, ಅದು ಆಗದೆ ತುತ್ತು ಮುಟ್ಟಂಗಿಲ್ಲ. ನೆಲದ ಮೇಲೆ ಕಾಲು ಮಡಚಿ ಕೂರಂಗಿಲ್ಲ. ದಿನಾ ಮಟ್ಟಸ ಜಾಗದಾಗೆ ನಡೀಬೇಕು, ಇವತ್ತಿಗಿಂತ ನಾಳೆ ಸ್ವಲ್ಪ ಜಾಸ್ತಿ."

"ತಪ್ಪಿದ್ರೆ?"

"ತಪ್ಪಿದ್ರೆ ಬೆಳಕೊಂದರಿಂದಲೇ ಏನೂ ಆಗಲ್ಲ ಅಜ್ಜ." ಇದಂತೂ ಸುಳ್ಳಲ್ಲ.

"ಕಠಿಣ ಐತಿ" ಅಂದ ಅಜ್ಜ, ಭಾರಿ ಸಮಾಧಾನದಿಂದ. "ನಾಳೆ ಬರ್ತೀನಿ."

ಅವತ್ತಿನಿಂದ ಅಜ್ಜ ಪಥ್ಯ ಅಂದ್ರೆ ಪಥ್ಯ. ಸೊಸೆ ಫೋನ್ ಮಾಡಿ ಹೇಳಿದ್ಲು. ನೆಂಟರ ಮದುವೆ ಊಟಕ್ಕೆ ಹೋಗಿದಾರೆ. ಎಲೆ ಹಾಕಿದಾರೆ, ಪಾಯಸ ಬಡಿಸಿದಾರೆ, ಅಜ್ಜ ಕುರ್ಚಿಯಿಂದ ಎದ್ದ. ಕೂತ. ಮತ್ತೆ ಎದ್ದ. ಅಜ್ಜಗೆ ಸಿಟ್ಟು ಬಂದೈತೆ, ಊಟ ಬಿಟ್ಟು ಏಳ್ತಿದಾರೆ ಅಂತ ಬಡಿಸೋರು ಓಡಿದ್ರು. ನಾಲ್ಕನೇ ಸಲಕ್ಕೆ ಹುಡುಗಿ ಅಪ್ಪ ಬಂದು, "ಏನು ಕಮ್ಮಿಯಾತು ಅಜ್ಜಾರೆ, ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ" ಅಂತ ಕೈ ಮುಗಿದ್ರು. ಬೀಗರು ಬಂದ್ರು. ಏಳನೇ ಸಲಕ್ಕೆ ಮದುಮಗನ್ನೇ ಎಬ್ಬಿಸ್ಕೊಂಡು ಬಂದು ಕಾಲಿಗೆ ಬೀಳಿಸಿದ್ರಂತೆ.

ಅಜ್ಜ ಏದುಸಿರು ಬಿಡ್ತಾ, "ತಡೀರಿ, ಇನ್ನ ಮೂರು ಅದಾವೆ" ಅಂದನಂತೆ.

೭. ವ್ಯಾಪಾರಿ ಬಂದ ದಿನ

ಯುಗಾದಿ ಬಂತು, ಹೋತು. ಅಜ್ಜ ಕೋಲು ಬಿಟ್ಟು ರೂಮಿನೊಳಗೆ ನಡೀತಿದ್ದ, ಮೆಟ್ಟಿಲು ಇಳೀತಿದ್ದ. ಬೆಳಕಿಂದಾತಾ ಪಥ್ಯದಿಂದಾತಾ ಅಂತ ಸರ್‌ನ ಕೇಳಿದ್ರೆ, "ಎರಡೂ ಸೇರಿ ಅಂತ ಇಟ್ಕೊ, ಜಗಳ ಬ್ಯಾಡ" ಅಂದ್ರು. ಆದ್ರೆ ರೂಮಿನೊಳಗೆ ನಡೆಯೋದು ಬೇರೆ, ಕುರಿ ಹಿಂದೆ ಹೊಲಗದ್ದೆ ದಾಟೋದು ಬೇರೆ. ವ್ಯಾಪಾರಿ ಬರೋ ದಿನ ನನಗೆ ಬೆಳಿಗ್ಗೆಯಿಂದ ಕೈಗೆ ಕೆಲಸ ಹತ್ತಲಿಲ್ಲ. ಅಡುಗೆಯಕ್ಕಂಗೆ ಲೈಟು ಹಾಕಿ ಸ್ವಿಚ್ ಒತ್ತೋದು ಮರೆತಿದ್ದೆ. ಅಕ್ಕ, "ಇವತ್ತು ಎಲ್ಲಾ ಬಲ್ಬೂ ಕಾಣದಿರೋವಾ ಮೇಡಮ್ಮ?" ಅಂತ ಕೇಳಿದ ಮೇಲೇ ಒತ್ತಿದ್ದು.

ಹನ್ನೊಂದರ ಸುಮಾರಿಗೆ ಫೋನ್ ಬಂತು. ಅಜ್ಜನ ಮಗ. ಮಾಲೀಷು ಮಾಡಿ ಕೈಯೆಲ್ಲ ಎಣ್ಣೆ ಅಂತ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಬೆಂಚಿನ ಮೇಲೆ ಅಕ್ಕ, ಮೇಷ್ಟ್ರು, ಮಂಡಿ ಹಿಡ್ಕೊಂಡು ಅವತ್ತೇ ಮೊದಲ ಸಲ ಬಂದಿದ್ದ ಒಬ್ಬರು ಸೋಡಾ ಅಂಗಡಿಯೋರು, ಎಲ್ರೂ ಕಿವಿ ನೆಟ್ಟಗೆ ಮಾಡಿದ್ರು.

"ಮೇಡಂ," ಅಂದ ಮಗ, ಏದುಸಿರು ಬಿಡ್ತಿದ್ದ. "ವ್ಯಾಪಾರಿ ಬಂದಾನೆ, ಟೆಂಪೋ ತಂದಾನೆ. ನಮ್ಮಪ್ಪ ಕುರಿ ಕೊಡಲ್ಲ ಅಂತಾನೆ. ದಿನಾ ಕುರಿ ಹಿಂದೆ ನಡೆಯೋದೇ ಡಾಕ್ಟ್ರಮ್ಮ ಹೇಳಿದ ಪಥ್ಯ, ಕುರಿ ಹೋದ್ರೆ ಪಥ್ಯ ಹೋತು, ಪಥ್ಯ ಹೋದ್ರೆ ಕಾಲು ಹೋತು ಅಂತಾನೆ. ನೀವು ಕುರಿ ಅಂತ ಹೇಳಿದ್ರಾ?"

ಮೇಷ್ಟ್ರು ನನ್ನ ಮುಖ ನೋಡಿದ್ರು. ನಾನು ಹೇಳಿದ್ದು ನಡೀರಿ ಅಂತ. ಕುರಿ ಅಂತ ಹೇಳಿರಲಿಲ್ಲ. ಬಸ್ಸಿನಾಗೆ ನಿಂತು ಬಂದಿದ್ದು ನೆನಪಾತು, ಆದ್ರೂ ಸುಳ್ಳು ಬಾಯಿಗೆ ಬರ್ಲಿಲ್ಲ.

"ನಡೀರಿ ಅಂತ ಹೇಳಿದೀನಿ" ಅಂದೆ. "ಯಾವುದರ ಹಿಂದೆ ಅಂತ ಹೇಳಿಲ್ಲ."

"ಅದೇ ಕೇಳ್ಬೇಕಿತ್ತು. ಅಪ್ಪಗೆ ನೀವೇ ಹೇಳಿಬಿಡಿ ಮೇಡಂ."

"ಸರಿ, ಅಜ್ಜಗೆ ಕೊಡ್ರಿ ಫೋನು."

"ಹೆಂಗೆ ಕೊಡ್ಲಿ? ಇಲ್ಲಿಲ್ಲ ಅವನು."

"ಮತ್ತೆಲ್ಲಿದಾರೆ?"

"ಕೆರೆ ಏರಿ ಮೇಲೆ. ಟೆಂಪೋ ಶಬ್ದ ಕೇಳಿದ್ದೇ ಕುರಿ ಹೊಡ್ಕೊಂಡು ಹೊಂಟುಬಿಟ್ಟ. ನಾವು ಹತ್ರ ಹೋದಂಗೆಲ್ಲ ಮುಂದೆ ಮುಂದೆ ಹೋಗ್ತಾನೆ. ಆ ಹೊಲ ದಾಟಿದ, ಈ ಹೊಲ ದಾಟಿದ, ಅಲ್ಲಿಂದ ಕೂಗ್ತಾನೆ, ಪಥ್ಯ ನಡೀತೈತಿ ತಡೀರಿ ಅಂತ. ನಾನು, ವ್ಯಾಪಾರಿ ಇಬ್ರೂ ಬೆಳಿಗ್ಗೆಯಿಂದ ಹಿಂದೆ ಅಲೆದೂ ಅಲೆದೂ ಈಗ ಹುಣಸೆ ಮರದ ಕೆಳಗೆ ಬಿದ್ಕೊಂಡೀವಿ. ಇನ್ನೊಂದು ಹೆಜ್ಜೆ ನಮ್ಮ ಕೈಲಿ ಆಗಲ್ಲ."

ನಾನು ಮೆಲ್ಲಗೆ ಕೇಳಿದೆ, "ಅಣ್ಣಾ, ಮೊದಲ ದಿನ ನೀವೇ ಏನು ಹೇಳಿದ್ರಿ? ಅಪ್ಪ ಮೊದಲಿನಂಗೆ ಕುರಿ ಹಿಂದೆ ನಡೆದ್ರೆ ಇಟ್ಕೊಳ್ಲಿ ಅಂತ ಹೇಳಿದ್ರಲ್ವಾ?"

ಫೋನಿನಾಗೆ ದೂರದಿಂದ ಕುರಿ ಕೂಗಿದ್ದು ಕೇಳಿಸ್ತು, ಅದರ ಹಿಂದೆ ಅಜ್ಜ ಹುರ್ರ್ ಅಂದಿದ್ದೂ ಕೇಳಿಸ್ತು.

"ಹೇಳಿದ್ದೆ" ಅಂದ ಮಗ ಕಡೆಗೆ. "ಹೇಳಿದ್ದೆ ಬಿಡ್ರಿ. ಇರ್ಲಿ, ಇಟ್ಕೊಳ್ಲಿ. ನನಗೆ ಮನೆಗೆ ನಡ್ಕೊಂಡು ಹೋಗಾಕೆ ಆದ್ರೆ ಸಾಕು."

ಪಕ್ಕದಿಂದ ವ್ಯಾಪಾರಿ ದನಿ ಬಂತು, ಬಾಯಿಗೆ ಫೋನ್ ಎಳ್ಕೊಂಡಿರ್ಬೇಕು. "ಮೇಡಮ್ಮರೇ, ನಂದೂ ಮಂಡಿ ಹಿಡ್ಕೊಂಡೈತೆ. ನಿಮ್ಮ ಲೈಟು ಸೊರಬದಾಗೆ ಯಾವ್ಯಾವ ದಿನ ಇರ್ತೈತೆ?"

ಹೇಳಿ ಫೋನ್ ಇಟ್ಟೆ. ಕಣ್ಣಾಗೆ ನೀರು ಬಂದಿತ್ತು, ಕಪ್ಪು ಕನ್ನಡಕ ಒಂದು ಎತ್ಕೊಂಡು ಹಾಕ್ಕೊಂಡೆ. ಬೆಂಚಿನ ಮೇಲೆ ಎಲ್ರೂ ಗಂಭೀರವಾಗಿ ಯೋಚನೆ ಮಾಡ್ತಿದ್ರು. ಅಡುಗೆಯಕ್ಕ ಮೊದಲು ಬಾಯಿ ಬಿಟ್ಲು.

"ಮಂಡಿಗೆ ಕುರಿ, ಸರಿ. ಮೊಣಕೈಗೆ ಏನು ಮೇಡಮ್ಮ? ಎಮ್ಮೆ ಹಾಲು ಕರೀಬೇಕಾ?"

"ಅಕ್ಕಾ, ಕುರಿ ಪಥ್ಯ ಅಲ್ಲ, ನಡೆಯೋದು ಪಥ್ಯ" ಅಂತ ನಾನು ಮತ್ತೆ ಮೊದಲಿಂದ ಶುರು ಮಾಡಿದೆ. ಬೆಳಕು ಚರ್ಮದ ಕೆಳಗೆ ಇಳೀತೈತೆ ಅನ್ನೋದರಿಂದ ಹಿಡಿದು, ಜೀವಕೋಶ, ಸ್ನಾಯು, ವಾರಗಟ್ಟಲೆ ಬರೋದು, ಎದ್ದು ಕೂರೋದು, ಮಟ್ಟಸ ಜಾಗದಾಗೆ ನಡೆಯೋದು, ಒಂದೂ ಬಿಡದೆ ಹೇಳಿದೆ. ಗಂಟಲು ಒಣಗಿತು. ಸೋಡಾ ಅಂಗಡಿಯೋರು ಒಂದು ಮಾತೂ ಬಿಡದೆ ಕೇಳಿಸ್ಕೊಂಡ್ರು, ಕಣ್ಣು ಮಿಟುಕಿಸ್ಲಿಲ್ಲ. ಅಂತೂ ಒಬ್ಬರಿಗಾದ್ರೂ ಅರ್ಥ ಆತಲ್ಲ ಅಂತ ನನಗೆ ಹೋದ ಜೀವ ಬಂತು.

ಅವರು ಎದ್ದು, ಹತ್ರ ಬಂದು, ಯಾರಿಗೂ ಕೇಳಿಸದಂಗೆ ಕೇಳಿದ್ರು:

"ಎಲ್ಲಾ ತಿಳೀತು ಮೇಡಂ. ಆ ಪಥ್ಯದ ಕುರಿ ನಿಮ್ಮಲ್ಲೇ ಸಿಗ್ತಾವಾ, ಇಲ್ಲ ಹೊರಗೆ ಮೆಡಿಕಲ್ಲಿನಾಗೆ ತಗೋಬೇಕಾ?"